ಹದಿಹರೆಯದ ಮಕ್ಕಳಿಗೆ ಬದುಕು ಸಾಕೆನಿಸಿದಾಗ: ಉತ್ತರ ಕನ್ನಡದ ಮನೆ, ಶಾಲೆ, ಹಾಸ್ಟೆಲ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಈಗಲೇ ಅಪಾಯ ಇದ್ದರೆ ಈ ಬರಹ ಆಮೇಲೆ ಓದಿ. ಮೊದಲು ಮಗುವಿನ ಪಕ್ಕ ಹೋಗಿ ಕೂತುಕೊಳ್ಳಿ. 112 ಅಥವಾ 108ಕ್ಕೆ ಫೋನ್ ಮಾಡಲು ಇನ್ನೊಬ್ಬರಿಗೆ ಹೇಳಿ. ಏನು ಮಾಡಬೇಕೆಂದೇ ತೋಚುತ್ತಿಲ್ಲ ಅಂದರೆ ಟೆಲಿ-ಮಾನಸ್ ಇದೆ, ನಂಬರ್ 14416. ಅದು ಹತ್ತದಿದ್ದರೆ 1800-891-4416. ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸಹಾಯವಾಣಿ ಇದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 18 ವರ್ಷದೊಳಗಿನವರಿಗೆ 1098 ಕೂಡ ಇದೆ. ಓದುತ್ತಿರುವ ನೀವೇ ಆ ಸಂಕಟದಲ್ಲಿದ್ದರೂ ಇವೇ ನಂಬರ್‌ಗಳು. ಮನೆಯಲ್ಲಿ ಹೇಳಲು ಆಗದ್ದನ್ನು ಅಲ್ಲಿ ಹೇಳಬಹುದು.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ 12 ತಾಲ್ಲೂಕು. ದೊಡ್ಡ ಕಾಯಿಲೆ ಅಂದರೆ ಕರಾವಳಿಯವರು ಮಣಿಪಾಲಕ್ಕೋ ಗೋವಾಕ್ಕೋ ಓಡುತ್ತಾರೆ, ಘಟ್ಟದ ಮೇಲಿನವರು ಹುಬ್ಬಳ್ಳಿ-ಧಾರವಾಡಕ್ಕೆ. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿ.ಮೀ. ಮಳೆಗಾಲದಲ್ಲಿ ಘಟ್ಟದ ರಸ್ತೆಯಲ್ಲಿ ಎಲ್ಲಿ ಗುಡ್ಡ ಕುಸಿದಿದೆಯೋ, ಎಲ್ಲಿ ಮರ ಬಿದ್ದಿದೆಯೋ ಹೇಳಕ್ಕಾಗಲ್ಲ. ಹಾಗಾಗಿ ಮೊದಲ ಕೆಲವು ಗಂಟೆ, ಎಷ್ಟೋ ಸಲ ಮೊದಲ ಕೆಲವು ದಿನ, ಮಗುವನ್ನು ಕಾಯುವವರು ಮನೋವೈದ್ಯರಲ್ಲ. ಅಮ್ಮ, ಚಿಕ್ಕಪ್ಪ, ಕ್ಲಾಸ್ ಟೀಚರು, ವಾರ್ಡನ್ನು, ಪಕ್ಕದ ಮನೆಯವರು. ಈ ಮಾರ್ಗದರ್ಶಿ ಅವರಿಗಾಗಿ. ದಿನವೂ ಪಿಯುಸಿ ಮಕ್ಕಳ ನಡುವೆ ಇರುವವಳು ನಾನು. ನೇರವಾಗಿ ಕೇಳುವ, ಕೇಳಿದ ಮೇಲೆ ಎದ್ದು ಹೋಗದ ಒಬ್ಬ ದೊಡ್ಡವರು ಪ್ರತಿ ಮಗುವಿನ ಬದುಕಿನಲ್ಲಿ ಇರಲೇಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮೊದಲು ಇದನ್ನು ಅರ್ಥ ಮಾಡಿಕೊಳ್ಳಿ

ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044. ಜಗತ್ತಿನಲ್ಲಿ 15ರಿಂದ 29 ವರ್ಷದವರ ಸಾವಿಗೆ ಇದು ಮೂರನೇ ದೊಡ್ಡ ಕಾರಣ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ 7.3 ಶೇಕಡಾ ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಐವತ್ತು ಮಕ್ಕಳ ತರಗತಿಯಲ್ಲಿ ಮೂರು ನಾಲ್ಕು ಮಕ್ಕಳು ಅಂತಾಯಿತು.

ಪೇಪರ್ ಓದಿದರೆ ಕಾರಣ ಒಂದೇ ಸಾಲಿನಲ್ಲಿ ಇರುತ್ತದೆ: ಫೇಲ್ ಆದ, ಮೊಬೈಲ್ ಕೊಡಲಿಲ್ಲ, ಅಮ್ಮ ಬೈದರು. ಹಾಗೆ ಒಂದೇ ಕಾರಣಕ್ಕೆ ಇದು ಆಗುವುದು ತೀರಾ ಕಡಿಮೆ. ತಿಂಗಳುಗಟ್ಟಲೆ ಕೂಡಿಟ್ಟುಕೊಂಡ ಸಂಕಟ ಇರುತ್ತದೆ. ಮನೆಯಲ್ಲಿ ಕುಡಿತದ ಜಗಳ, ಮೈಮುಟ್ಟಿದ ಯಾರೋ ಸಂಬಂಧಿಕ, ಮುರಿದ ಪ್ರೀತಿ, ಹಾಸ್ಟೆಲ್‌ನ ಒಂಟಿತನ, ಗುರುತಿಸದೇ ಉಳಿದ ಖಿನ್ನತೆ. ಮೇಲಿನಿಂದ ಕಾಣುವುದು ಕೊನೆಯ ಘಟನೆ ಮಾತ್ರ.

ಇನ್ನೊಂದು ಮುಖ್ಯ ವಿಷಯ. ಸಾಯಬೇಕು ಅನ್ನಿಸುವವರಿಗೆ ಬಹುತೇಕ ಬೇಕಾಗಿರುವುದು ಆ ನೋವು ನಿಲ್ಲುವುದು. ಬದುಕುವ ಆಸೆಯೂ ಜೊತೆಗೇ ಇರುತ್ತದೆ. ಆ ತೀವ್ರ ಗಳಿಗೆ ಸಮುದ್ರದ ಭರತಿ ಹಾಗೆ ಏರುತ್ತದೆ, ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಯಾರಾದರೂ ಪಕ್ಕದಲ್ಲಿದ್ದರೆ, ಕೈಗೆ ಅಪಾಯದ ವಸ್ತು ಸಿಗದಿದ್ದರೆ, ಜೀವ ಉಳಿಯುತ್ತದೆ. ಮುಂದಿನ ಎಲ್ಲ ಹೆಜ್ಜೆಗಳೂ ಇದರ ಮೇಲೆಯೇ ನಿಂತಿವೆ.

ಹೆಜ್ಜೆ 1: ಬದಲಾವಣೆ ಗಮನಿಸಿ

ಹದಿಹರೆಯ ಅಂದರೆ ಸಿಟ್ಟು, ಮೌನ, ಬಾಗಿಲು ಹಾಕಿಕೊಳ್ಳುವುದು ಎಲ್ಲಾ ಇದ್ದದ್ದೇ. ಹಾಗಾದರೆ ಗುರುತಿಸುವುದು ಹೇಗೆ? ಬೇರೆ ಮಕ್ಕಳ ಜೊತೆ ಹೋಲಿಸಬೇಡಿ. ಅದೇ ಮಗು ಮೂರು ತಿಂಗಳ ಹಿಂದೆ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಿ. ಆಲೆಮನೆ, ಆಟ ಅಂದರೆ ಓಡುತ್ತಿದ್ದ ಮಾಣಿ ಈಗ ಎದ್ದೇ ಬರುವುದಿಲ್ಲ. ರಾತ್ರಿ ನಿದ್ದೆ ಇಲ್ಲ, ಹಗಲು ಹಾಸಿಗೆ ಬಿಡುವುದಿಲ್ಲ. ಊಟ ಅರ್ಧ. ಎರಡು ವಾರ ಮೀರಿ ಇದು ಹೀಗೇ ನಡೆದರೆ ಸುಮ್ನೆ ಬಿಡಬೇಡಿ.

ಮಕ್ಕಳಲ್ಲಿ ಖಿನ್ನತೆ ಅಳುವಿನ ರೂಪದಲ್ಲೇ ಬರಬೇಕೆಂದಿಲ್ಲ. ಎಷ್ಟೋ ಸಲ ಕಿರಿಕಿರಿ, ಸಿಡುಕು, ಎದುರುತ್ತರ, ಪದೇ ಪದೇ ತಲೆನೋವು, ಹೊಟ್ಟೆನೋವು ಆಗಿ ಬರುತ್ತದೆ. ಗಂಡುಮಕ್ಕಳ ವಿಷಯದಲ್ಲಿ ನಾವು ಇದನ್ನು ‘ಸೊಕ್ಕು’ ಅಂತ ಕರೆದು ಮುಗಿಸಿಬಿಡುತ್ತೇವೆ. ಆ ಪದ ಬಾಯಿಗೆ ಬರುವ ಮೊದಲು ಒಂದು ಕ್ಷಣ ತಡೆಯಿರಿ.

ಕೆಳಗಿನವು ಕಂಡರೆ ಎರಡು ವಾರ ಕಾಯುವ ಮಾತೇ ಇಲ್ಲ, ಅದೇ ದಿನ ಮಾತಾಡಿ:

- "ನಾನು ಇಲ್ಲದಿದ್ರೆ ನಿಮಗೆಲ್ಲ ಆರಾಮ", "ಇನ್ನು ಜಾಸ್ತಿ ದಿನ ತೊಂದ್ರೆ ಕೊಡಲ್ಲ" ಎನ್ನುವಂಥ ಮಾತು, ಸ್ಟೇಟಸ್, ನೋಟ್‌ಬುಕ್ಕಿನ ಗೀಚು
- ಇಷ್ಟದ ವಸ್ತುಗಳನ್ನು ಕೊಟ್ಟುಬಿಡುವುದು, ಎಲ್ಲರಿಗೂ ವಿದಾಯ ಹೇಳಿದಂತೆ ನಡೆದುಕೊಳ್ಳುವುದು
- ಮೈಮೇಲೆ ತಾನೇ ಮಾಡಿಕೊಂಡ ಗಾಯ, ಸೆಕೆಯಲ್ಲೂ ಉದ್ದ ತೋಳಿನ ಅಂಗಿ
- ಸಾಯುವ ಬಗ್ಗೆ ಮೊಬೈಲಿನಲ್ಲಿ ಹುಡುಕಾಟ
- ಬಹಳ ದಿನ ಕುಗ್ಗಿದ್ದ ಮಗು ಕಾರಣವಿಲ್ಲದೇ ಇದ್ದಕ್ಕಿದ್ದಂತೆ ಶಾಂತವಾಗುವುದು

ಕೊನೆಯದನ್ನು ನೋಡಿ ಮನೆಯವರು ಸಮಾಧಾನ ಪಡುವುದೇ ಹೆಚ್ಚು. ‘ಅಂತೂ ಸರಿ ಹೋದ’ ಅಂದುಕೊಳ್ಳಬೇಡಿ, ಕೇಳಿ ನೋಡಿ. ಹಾಗೆಯೇ "ಸಾಯ್ತೀನಿ ಅನ್ನೋರು ಸಾಯಲ್ಲ" ಅನ್ನುವ ಮಾತು ಶುದ್ಧ ಸುಳ್ಳು. ತೀರಿಕೊಂಡವರಲ್ಲಿ ಬಹಳ ಮಂದಿ ಮೊದಲೇ ಯಾರಿಗೋ ಒಂದು ಸುಳಿವು ಕೊಟ್ಟಿರುತ್ತಾರೆ.

ಹೆಜ್ಜೆ 2: ಮಾತಿಗೆ ಜಾಗ ಹುಡುಕಿ

ಕುರ್ಚಿ ಎಳೆದು ಎದುರಿಗೆ ಕೂರಿಸಿ "ಏನಾಗಿದೆ ನಿಂಗೆ, ಹೇಳು" ಅಂದರೆ ಯಾವ ಮಗುವೂ ಬಾಯಿ ಬಿಡುವುದಿಲ್ಲ. ಅಪ್ಪ, ಅಜ್ಜ, ಮಾವ ಎಲ್ಲ ಜಗುಲಿಯಲ್ಲಿ ಸೇರಿ ವಿಚಾರಣೆ ಮಾಡುವುದಂತೂ ಬೇಡವೇ ಬೇಡ.

ಕಣ್ಣಿಗೆ ಕಣ್ಣು ಕೊಡಬೇಕಿಲ್ಲದ ಜಾಗ ಒಳ್ಳೆಯದು. ಚಾಲಿ ಆರಿಸುತ್ತಾ ಪಕ್ಕಪಕ್ಕ ಕೂತಾಗ ಕೈಗೆ ಕೆಲಸ ಇರುತ್ತದೆ, ನಡುವೆ ಮಾತು ನಿಂತರೂ ಮುಜುಗರ ಆಗುವುದಿಲ್ಲ. ಒಂದು ಅಡಿಕೆ ಬುಟ್ಟಿಗೆ, ಒಂದು ಮಾತು, ಮತ್ತೆ ಹತ್ತು ನಿಮಿಷ ಸುಮ್ಮನೆ. ಮೀನುಗಾರರ ಮನೆಯಲ್ಲಿ ಬಲೆ ಬಿಡಿಸುವಾಗ, ಕಾರವಾರದಲ್ಲಿ ಸಂಜೆ ಬೀಚಿನ ಉದ್ದಕ್ಕೂ ನಡೆಯುವಾಗ, ಕುಮಟಾ ಪೇಟೆಗೆ ಹೋಗುವ ಬೈಕಿನ ಹಿಂದೆ ಕೂತಾಗ ಮಕ್ಕಳು ಹೇಳುವಷ್ಟು ಊಟದ ಬಟ್ಟಲ ಮುಂದೆ ಹೇಳುವುದಿಲ್ಲ. ಆಗ ನಿಮ್ಮ ಫೋನ್ ಜೇಬಿನಲ್ಲಿರಲಿ. ಮಗು ಶುರು ಮಾಡಿದ ಮಾತಿನ ನಡುವೆ ಬಾಯಿ ಹಾಕಬೇಡಿ.

ಶುರು ಹೇಗೆ? ಕಂಡದ್ದನ್ನು ಹೇಳಿ, ತೀರ್ಪು ಬೇಡ. "ಒಂದಷ್ಟು ದಿನದಿಂದ ರಾತ್ರಿ ನಿನ್ನ ಕೋಣೆ ಲೈಟ್ ಉರೀತಾನೇ ಇರತ್ತೆ. ನಿದ್ದೆ ಬರ್ತಿಲ್ವಾ?" ಇಷ್ಟು ಸಾಕು.

ಹೆಜ್ಜೆ 3: ನೇರವಾಗಿ ಕೇಳಿ

ಎಲ್ಲರೂ ಹೆದರುವುದು ಇಲ್ಲೇ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗತ್ತಲ್ವಾ ಅಂತ. ಇಲ್ಲ. ಆತ್ಮಹತ್ಯೆಯ ಬಗ್ಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಬದಲಾಗಿ, ಒಳಗೊಳಗೇ ಬೇಯುತ್ತಿದ್ದ ಮಗುವಿಗೆ ಉಸಿರು ಬಿಟ್ಟಂತಾಗುತ್ತದೆ.

ಸುತ್ತಿ ಬಳಸಿ ಕೇಳಬೇಡಿ. "ನೀನೇನೂ ಹುಚ್ಚು ಯೋಚನೆ ಮಾಡ್ತಿಲ್ಲ ಅಲ್ವಾ?" ಅಂದರೆ ‘ಇಲ್ಲ’ ಎಂಬ ಉತ್ತರವನ್ನು ನೀವೇ ಕೈಗೆ ಕೊಟ್ಟಂತೆ. ಹೀಗೆ ಕೇಳಿ:

"ಇಷ್ಟೆಲ್ಲ ಆದಾಗ ಕೆಲವರಿಗೆ ಬದುಕೋದೇ ಬೇಡ ಅನ್ಸತ್ತೆ. ನಿನಗೆ ಹಾಗನ್ಸಿದ್ಯಾ? ಸಾಯಬೇಕು ಅಂತ ಯೋಚನೆ ಬಂದಿದ್ಯಾ?"

ಹೌದು ಅಂದರೆ ಇನ್ನೂ ಮೂರು ವಿಷಯ ತಿಳಿಯಬೇಕು. ಹೇಗೆ ಅಂತ ಯೋಚಿಸಿದ್ದಾನಾ? ಅದಕ್ಕೆ ಬೇಕಾದ್ದು ಕೈಗೆ ಸಿಗುವಂತಿದೆಯಾ? ಯಾವಾಗ ಅಂತ ಮನಸ್ಸಿನಲ್ಲಿದೆಯಾ? ಈ ಹಿಂದೆ ಯಾವಾಗಲಾದರೂ ಪ್ರಯತ್ನ ಮಾಡಿದ್ದುಂಟಾ ಅಂತಲೂ ಕೇಳಿ. ಹೇಗೆ, ಯಾವಾಗ ಅನ್ನುವುದು ನಿಶ್ಚಯವಾಗಿದ್ದರೆ ಅದು ತುರ್ತು. ಆ ಕ್ಷಣದಿಂದ ಮಗುವನ್ನು ಒಂಟಿಯಾಗಿ ಬಿಡಬಾರದು. ಬಚ್ಚಲಿಗೆ ಹೋದರೂ ಚಿಲಕ ಹಾಕಿಕೊಳ್ಳುವುದು ಬೇಡ, ನೀವು ಹೊರಗೆ ನಿಂತಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ನಿಮ್ಮ ಎದೆ ಡವಡವ ಅನ್ನುತ್ತದೆ, ಸಹಜ. ಆದರೂ ದನಿ ಏರಿಸಬೇಡಿ, ಅತ್ತು ರಂಪ ಮಾಡಬೇಡಿ. "ಹೇಳಿದ್ದು ಒಳ್ಳೇದಾಯ್ತು. ನಾನಿದೀನಿ. ಇಬ್ರೂ ಸೇರಿ ನೋಡೋಣ." ಬೇರೆ ದೊಡ್ಡ ಮಾತು ಬೇಕಾಗಿಲ್ಲ.

ಬೇಡದ ಮಾತುಗಳಂತೂ ನಮಗೆ ಬಾಯಿಪಾಠ. "ನಿನಗೇನು ಕಡಿಮೆ ಮಾಡಿದೀವಿ", "ಅಪ್ಪ-ಅಮ್ಮನ ಬಗ್ಗೆ ಒಂಚೂರಾದ್ರೂ ಯೋಚನೆ ಬೇಡ್ವಾ", "ನಾಲ್ಕು ಜನ ಏನಂತಾರೆ", "ಪಕ್ಕದ ಮನೆ ಕೂಸನ್ನ ನೋಡು". ಮೊದಲೇ ತಾನು ಎಲ್ಲರಿಗೂ ಭಾರ ಅಂದುಕೊಂಡ ಮಗುವಿನ ಮೇಲೆ ಇನ್ನಷ್ಟು ಭಾರ ಹೇರುವ ಮಾತುಗಳಿವು. ಯಾರಿಗೂ ಹೇಳುವುದಿಲ್ಲ ಅಂತ ಆಣೆಯನ್ನೂ ಇಡಬೇಡಿ. "ನಿನ್ನ ಜೀವಕ್ಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ, ಯಾರಿಗೆ ಅಂತ ನಿನಗೆ ಮೊದಲೇ ತಿಳಿಸ್ತೀನಿ" ಅನ್ನಿ. ಹಾಗೇ ನಡೆದುಕೊಳ್ಳಿ ಕೂಡ. ಮರುದಿನ ಅತ್ತೆ ಮನೆಯವರೆಲ್ಲ ಫೋನ್ ಮಾಡಿ ವಿಚಾರಿಸಿದರೆ ಆ ಮಗು ನಿಮ್ಮನ್ನು ಇನ್ನೆಂದೂ ನಂಬುವುದಿಲ್ಲ.

ದೌರ್ಜನ್ಯದ ವಿಷಯ ಹೊರಬಂದರೆ ಮೊದಲು ಹೇಳಬೇಕಾದ್ದು "ತಪ್ಪು ನಿನ್ನದಲ್ಲ". 18ರೊಳಗಿನವರ ಮೇಲಿನ ಲೈಂಗಿಕ ದೌರ್ಜನ್ಯವನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಅನ್ನುತ್ತದೆ ಪೋಕ್ಸೋ ಕಾಯ್ದೆ. ದಾರಿ ಗೊತ್ತಾಗದಿದ್ದರೆ 1098 ಕೇಳಿ. ಯಾರೋ ಫೋಟೋ ಇಟ್ಟುಕೊಂಡು ಹೆದರಿಸಿ ದುಡ್ಡು ಕೇಳುತ್ತಿದ್ದರೆ ದುಡ್ಡು ಕೊಡಬೇಡಿ, ಮೆಸೇಜ್ ಅಳಿಸಬೇಡಿ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಅಥವಾ ಠಾಣೆಗೆ ದೂರು ಕೊಡಿ. ಮಗುವನ್ನು ಬೈಯುವ ಸಮಯ ಅದಲ್ಲ.

ಹೆಜ್ಜೆ 4: ಮನೆಯನ್ನು ಸುರಕ್ಷಿತ ಮಾಡಿ

ಇದನ್ನು ಜನ ತೀರಾ ಹಗುರವಾಗಿ ನೋಡುತ್ತಾರೆ, ಆದರೆ ಜೀವ ಉಳಿಸುವುದರಲ್ಲಿ ಇದು ಬಹಳ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ಮಾರ್ಗಸೂಚಿಯಲ್ಲಿ ಅಪಾಯದ ವಸ್ತುಗಳನ್ನು ಕೈಗೆ ಸಿಗದಂತೆ ಮಾಡುವುದನ್ನು ಮುಖ್ಯ ಕ್ರಮಗಳ ಸಾಲಿನಲ್ಲಿ ಇಟ್ಟಿದೆ. ‘ಒಂದು ದಾರಿ ಮುಚ್ಚಿದ್ರೆ ಇನ್ನೊಂದು ಹುಡುಕ್ತಾರೆ’ ಅನ್ನುವುದು ಬಹುಪಾಲು ನಿಜವಲ್ಲ. ಆ ಗಳಿಗೆ ದಾಟಿದರೆ ಹೆಚ್ಚಿನವರು ಉಳಿದುಕೊಳ್ಳುತ್ತಾರೆ.

ತೋಟಕ್ಕೆ ಹೊಡೆಯುವ ಔಷಧಿ, ಕಳೆನಾಶಕ ಕೊಟ್ಟಿಗೆಯ ಮೂಲೆಯಲ್ಲೋ ಬಚ್ಚಲ ಹಿಂದೆಯೋ ಬಿದ್ದಿರುವುದು ನಮ್ಮಲ್ಲಿ ಮಾಮೂಲು. ಕೊಳೆ ಔಷಧಿ ಹೊಡೆಯುವ ಜೂನ್ ತಿಂಗಳಲ್ಲಂತೂ ಇನ್ನೂ ಜಾಸ್ತಿ. ಬೀಗ ಹಾಕಿ, ಬೀಗದಕೈ ನಿಮ್ಮ ಸೊಂಟದಲ್ಲಿರಲಿ. ಸಾಧ್ಯವಾದರೆ ಕೆಲವು ತಿಂಗಳು ಬೇರೆಯವರ ಮನೆಯಲ್ಲಿಡಿ. ಅಜ್ಜ-ಅಜ್ಜಿಯ ಮಾತ್ರೆಗಳಿಗೂ ಇದೇ ನಿಯಮ, ಒಂದು ವಾರಕ್ಕಾಗುವಷ್ಟು ಮಾತ್ರ ಹೊರಗಿರಲಿ. ಬೆಳೆ ರಕ್ಷಣೆಗೆ ಲೈಸೆನ್ಸ್ ಕೋವಿ ಇದ್ದರೆ ಅದು ಆ ಮನೆಯಲ್ಲಿ ಇರಲೇಬಾರದು. ಠಾಣೆಯಲ್ಲಿ ಕೇಳಿ ಜಮಾ ಮಾಡಿ. ಇದೆಲ್ಲ ಮಗುವಿನಿಂದ ಕದ್ದುಮುಚ್ಚಿ ಮಾಡಬೇಕಿಲ್ಲ. "ಕಷ್ಟದ ಹೊತ್ತು ದಾಟೋವರೆಗೆ" ಅಂತ ಹೇಳಿಯೇ ಮಾಡಿ.

ಹೆಜ್ಜೆ 5: ಒಂದು ಹಾಳೆ ಬರೆಸಿ

ಮನಸ್ಸು ಸ್ವಲ್ಪ ತಿಳಿಯಾದ ಹೊತ್ತಿನಲ್ಲಿ ನೋಟ್‌ಬುಕ್ಕಿನ ಒಂದು ಹಾಳೆ ತೆಗೆಯಿರಿ. ಬರೆಯುವುದು ಮಗುವೇ, ಅದರ ಮಾತಿನಲ್ಲೇ. ಆಪ್ತಸಮಾಲೋಚಕರು ಇದನ್ನು ಸುರಕ್ಷತಾ ಯೋಜನೆ ಅನ್ನುತ್ತಾರೆ. ಒಂದು ಹಾಳೆ ಹೀಗಿರಬಹುದು:

*ಕೆಟ್ಟದಾಗ್ತಿದೆ ಅಂತ ಗೊತ್ತಾಗೋದು:* ರಾತ್ರಿ ಹನ್ನೊಂದರ ಮೇಲೆ ಹಳೇ ಚಾಟ್ ಓದ್ತೀನಿ, ಎದೆ ಬಿಗಿಯತ್ತೆ.
*ನಾನೇ ಮಾಡಬಹುದಾದ್ದು:* ಫೋನ್ ಅಮ್ಮನ ಕೋಣೇಲಿ ಇಡೋದು. ಮುಖಕ್ಕೆ ತಣ್ಣೀರು. ಚಂಡೆ ಬಾರಿಸೋದು.
*ಸುಮ್ನೆ ಹೋಗಿ ಕೂರಬಹುದಾದ ಜಾಗ:* ದೊಡ್ಡಮ್ಮನ ಮನೆ ಅಡುಗೆಕೋಣೆ.
*ಹೇಳಿಕೊಳ್ಳಬಹುದಾದವರು:* ಅಕ್ಕ, ಗಣಿತದ ಸರ್.
*ಯಾರೂ ಸಿಗದಿದ್ರೆ:* 14416.
*ಮನೆಯಿಂದ ದೂರ ಇಡಬೇಕಾದ್ದು:* ಅಪ್ಪನಿಗೆ ಹೇಳಿದೀನಿ.

ಹೆಸರಿನ ಎದುರು ಫೋನ್ ನಂಬರ್ ಇರಲಿ. ಆ ‘ಅಕ್ಕ’, ಆ ‘ಸರ್’ ಇಬ್ಬರಿಗೂ ಅವರ ಹೆಸರು ಹಾಳೆಯಲ್ಲಿದೆ ಅಂತ ತಿಳಿದಿರಲಿ, ರಾತ್ರಿ ಫೋನ್ ಬಂದರೆ ಎತ್ತಬೇಕಲ್ಲ. ಮಳೆಗೆ ಕರೆಂಟು, ಟವರು ಎರಡೂ ಹೋಗುವ ಊರುಗಳಲ್ಲಿ ನಡೆದು ಹೋಗಿ ತಲುಪಬಹುದಾದ ಒಬ್ಬರ ಹೆಸರಾದರೂ ಇರಬೇಕು. ‘ಏನೂ ಮಾಡಿಕೊಳ್ಳಲ್ಲ’ ಅಂತ ಪ್ರಮಾಣ ಮಾಡಿಸಿಕೊಳ್ಳುವುದಕ್ಕಿಂತ ಈ ಹಾಳೆಗೆ ಬೆಲೆ ಹೆಚ್ಚು.

ಹೆಜ್ಜೆ 6: ವೈದ್ಯರ ಬಳಿ ಕರೆದೊಯ್ಯಿ

ನೇರ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕೆಂದು ವಾರಗಟ್ಟಲೆ ಕಾಯಬೇಡಿ. ತಾಲ್ಲೂಕು ಆಸ್ಪತ್ರೆಯಿಂದ ಶುರು ಮಾಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಪ್ರತಿ ಜಿಲ್ಲೆಯಲ್ಲೂ ಇದೆ. ಮನೋಚೈತನ್ಯ ಹೆಸರಿನಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ, ಸಾಮಾನ್ಯವಾಗಿ ಮಂಗಳವಾರಗಳಂದು, ಬರುವ ವ್ಯವಸ್ಥೆಯೂ ಇದೆ. ನಿಮ್ಮ ತಾಲ್ಲೂಕಿಗೆ ಯಾವ ದಿನ ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಕಾರವಾರದಲ್ಲಿ ಕ್ರಿಮ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೆಚ್ಚಿನ ಚಿಕಿತ್ಸೆ ಬೇಕೆಂದರೆ ಘಟ್ಟದ ಮೇಲಿನವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್, ಭಟ್ಕಳ-ಹೊನ್ನಾವರದವರಿಗೆ ಮಣಿಪಾಲ, ಕಾರವಾರದವರಿಗೆ ಗೋವಾದ ಬಾಂಬೋಲಿಯ ಮಾನಸಿಕ ಆರೋಗ್ಯ ಸಂಸ್ಥೆ ಹತ್ತಿರ. ಹೋಗಲು ಎರಡು ದಿನ ತಡವಾಗುತ್ತದೆ ಅಂದರೆ ಅಷ್ಟರೊಳಗೆ 14416ಕ್ಕೆ ಮಾತಾಡಿ. ಅಲ್ಲಿನ ಸಲಹೆಗಾರರು ಅಗತ್ಯವಿದ್ದರೆ ಮನೋವೈದ್ಯರಿಗೂ ದಾಟಿಸುತ್ತಾರೆ.

ಪ್ರಶ್ನೆ ಇಡಿಸುವುದು, ಹರಕೆ, ತಾಯತ ಇವೆಲ್ಲ ನಮ್ಮ ಮನೆಗಳಲ್ಲಿ ಇವೆ. ಮಾರಿಕಾಂಬೆಗೆ ಹೇಳಿಕೊಂಡರೆ ಅಮ್ಮನಿಗೆ ಧೈರ್ಯ ಬರುತ್ತದೆ ಅಂದರೆ ಹೇಳಿಕೊಳ್ಳಲಿ. ಆದರೆ ಅದಕ್ಕಾಗಿ ಆಸ್ಪತ್ರೆ ಒಂದು ದಿನವೂ ಮುಂದೆ ಹೋಗಬಾರದು. ಮೈಮೇಲೆ ಬಂದಿದೆ ಅಂತ ಹೊಡೆಯುವುದು, ಉಪವಾಸ ಕೆಡವುವುದು ಖಂಡಿತ ಸಲ್ಲದು.

ಮಾತ್ರೆ ಕೊಟ್ಟರೆ ಎರಡು ವಿಷಯ ನೆನಪಿಡಿ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಹದಿಹರೆಯದವರಲ್ಲಿ ಶುರುವಿನ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಕೆಲವೊಮ್ಮೆ ಹೆಚ್ಚಾಗಬಹುದು, ಹಾಗಾಗಿ ಆಗ ಕಣ್ಣಿಟ್ಟಿರಬೇಕು, ಹಾಗೇನಾದರೂ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಆರಾಮಾಯಿತು ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ.

ರಿಸಲ್ಟ್ ದಿನಕ್ಕೆ ಮೊದಲೇ ತಯಾರಾಗಿ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನ ಮಗು ಒಂಟಿಯಾಗಿ ಮೊಬೈಲ್ ಹಿಡಿದು ರಿಸಲ್ಟ್ ನೋಡುವುದು ಬೇಡ. ಒಬ್ಬರು ಆ ದಿನ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿರಿ. ಹಿಂದಿನ ರಾತ್ರಿಯೇ ಹೇಳಿ: "ನಾಳೆ ಏನೇ ಬರಲಿ, ಮಧ್ಯಾಹ್ನ ಎಲ್ಲ ಒಟ್ಟಿಗೆ ಊಟ ಮಾಡೋದೇ." 2024ರಿಂದ ಪರೀಕ್ಷೆ-1 ಆದ ಮೇಲೆ ಅದೇ ವರ್ಷ ಪರೀಕ್ಷೆ-2 ಬರೆಯಬಹುದು, ಅಂಕ ಸಾಲದು ಅನ್ನುವವರೂ ಬರೆಯಬಹುದು. ಮಕ್ಕಳಿಗೆ ಇದು ಗೊತ್ತಿರುತ್ತದೆ, ಆದರೆ ಅಪ್ಪನ ಬಾಯಿಂದ ಕೇಳಿದಾಗ ಅದರ ತೂಕವೇ ಬೇರೆ. ಅಂಕ ಎಷ್ಟು ಅಂತ ಫೋನ್ ಮಾಡುವ ನೆಂಟರಿಗೆ ಉತ್ತರ ಕೊಡುವ ಕೆಲಸ ನಿಮ್ಮದು, ಮಗುವಿನದಲ್ಲ.

ಗೆಳೆಯ-ಗೆಳತಿಯರಿಗೆ

ಮಕ್ಕಳು ಮೊದಲು ಹೇಳಿಕೊಳ್ಳುವುದು ನಿಮಗೇ. ನಿನ್ನ ಫ್ರೆಂಡ್ ‘ಯಾರಿಗೂ ಹೇಳ್ಬೇಡ’ ಅಂತ ಸಾಯುವ ಮಾತಾಡಿದರೆ ಆ ಗುಟ್ಟನ್ನು ನೀನೊಬ್ಬನೇ ಹೊರಬೇಡ. ಅದೇ ದಿನ ನಂಬಿಕೆಯ ದೊಡ್ಡವರೊಬ್ಬರಿಗೆ ಹೇಳು. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಇನ್ನೊಬ್ಬರಿಗೆ ಹೇಳು. ಒಂದಷ್ಟು ದಿನ ಸಿಟ್ಟು ಮಾಡಿಕೊಂಡರೂ ಫ್ರೆಂಡ್ ಜೀವಂತ ಇರುತ್ತಾನೆ.

ಶಾಲೆ, ಕಾಲೇಜು, ಹಾಸ್ಟೆಲ್

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದ ಪ್ರಕಾರ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕು. ಪಾಲಕರ ಸಭೆಯಲ್ಲಿ ಇದನ್ನು ಕೇಳಿ. ಕೇಳುವವರು ಇಲ್ಲದಿದ್ದರೆ ಕಾಗದದಲ್ಲೇ ಉಳಿಯುತ್ತದೆ. ಕಡಿಮೆ ಅಂಕದವರನ್ನು ಎಲ್ಲರೆದುರು ನಿಲ್ಲಿಸಿ ಅವಮಾನ ಮಾಡುವುದು ಇಂದೇ ನಿಲ್ಲಬೇಕು.

ಶಾಲೆಯಲ್ಲಿ ಒಂದು ಸಾವು ಆಗಿಹೋದರೆ ಹೇಗೆ ಆಯಿತು ಅನ್ನುವ ವಿವರ, ಫೋಟೋ, ಬರೆದಿಟ್ಟ ಚೀಟಿ ವಾಟ್ಸಾಪಿನಲ್ಲಿ ಹರಡಬೇಡಿ. ಮಕ್ಕಳಲ್ಲಿ ಒಂದು ಸಾವು ಇನ್ನೊಂದನ್ನು ಎಳೆಯಬಹುದು. ತೀರಿಕೊಂಡವರ ಹತ್ತಿರದ ಗೆಳೆಯರು, ಒಂದೇ ಬೆಂಚಿನವರು, ಮೊದಲೇ ಕುಗ್ಗಿದ್ದವರು ಯಾರು ಅಂತ ಪಟ್ಟಿ ಮಾಡಿ ಒಬ್ಬೊಬ್ಬರ ಜೊತೆಗೂ ಮಾತಾಡಿ.

ಪ್ರಯತ್ನ ನಡೆದೇ ಹೋದರೆ

ಏನಾದರೂ ಕುಡಿದಿದ್ದರೆ, ನುಂಗಿದ್ದರೆ, ನೋಡಲು ಚೆನ್ನಾಗಿಯೇ ಇದ್ದರೂ ತಕ್ಷಣ ಆಸ್ಪತ್ರೆಗೆ. ವಾಂತಿ ಮಾಡಿಸಲು ಹೋಗಬೇಡಿ, ಉಪ್ಪುನೀರು ಕುಡಿಸಬೇಡಿ. ಬಾಟಲಿ ಅಥವಾ ಪ್ಯಾಕೆಟ್ ಜೊತೆಗೆ ಒಯ್ಯಿರಿ.

ಪೊಲೀಸ್ ಕೇಸಿನ ಹೆದರಿಕೆಯಿಂದ ಮನೆಯಲ್ಲೇ ಮುಚ್ಚಿಟ್ಟು ಹೊತ್ತು ಕಳೆಯುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಹೀಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. ಆಸ್ಪತ್ರೆಯವರು ಠಾಣೆಗೆ ತಿಳಿಸುತ್ತಾರೆ, ಹೇಳಿಕೆ ಪಡೆಯುತ್ತಾರೆ. ಅದಕ್ಕೆ ಹೆದರಬೇಕಿಲ್ಲ.

ಡಿಸ್ಚಾರ್ಜ್ ಆದ ನಂತರದ ಕೆಲವು ವಾರಗಳು ಅತಿ ಹೆಚ್ಚು ಅಪಾಯದವು. ಊರವರು ನೋಡಲು ಬರುವುದು ಬೇಡ, ಬಾಗಿಲಲ್ಲೇ ನಯವಾಗಿ ಕಳಿಸಿ. ಮುಂದಿನ ಭೇಟಿಯ ದಿನಾಂಕ ಬರೆಸಿಕೊಳ್ಳದೇ ಆಸ್ಪತ್ರೆಯಿಂದ ಹೊರಡಬೇಡಿ. ಶಾಲೆಗೆ ಮರಳುವ ಮೊದಲು ಕ್ಲಾಸ್ ಟೀಚರ ಜೊತೆ ಕೂತು ಮೂರು ವಿಷಯ ಗೊತ್ತುಮಾಡಿ: ಗೆಳೆಯರು ಕೇಳಿದರೆ ಮಗು ಏನು ಹೇಳಲು ಬಯಸುತ್ತದೆ, ತಪ್ಪಿದ ಪಾಠದ ನೋಟ್ಸ್ ಯಾರು ಕೊಡುತ್ತಾರೆ, ತರಗತಿಯಲ್ಲಿ ಉಸಿರು ಕಟ್ಟಿದಂತಾದರೆ ಅನುಮತಿ ಕೇಳದೇ ಎದ್ದು ಹೋಗಿ ಕೂರಲು ಯಾವ ಕೋಣೆ. ಮೊದಲ ವಾರ ಅರ್ಧ ದಿನ ಸಾಕು. ಮನೆಯವರೊಬ್ಬರು ಗೇಟಿನ ತನಕ ಹೋಗಿ ಕರೆತನ್ನಿ.